ಕುದುರೆಗೂ ಮೋಟಾರಿಗೂ ಒಂದೇ ಗಾಡಿ

ಕೊರಳಪಟ್ಟಿಯ ಬಲಬದಿಗೆ, ಹಿತ್ತಾಳೆಯ ಕೊಂಡಿಯಿಂದ ಒಂದು ಬೆರಳು ಕೆಳಗೆ, ಕೆಂಪು ಇನ್ಸುಲೇಷನ್ ಟೇಪಿನ ತುಂಡೊಂದು ಸುತ್ತಿದೆ. ನೋಡಿದವರು ದೃಷ್ಟಿಯಾಗದಿರಲೆಂದು ಕಟ್ಟಿದ್ದು ಅಂದುಕೊಳ್ಳುತ್ತಾರೆ. ಅಲ್ಲ. ಅದರೊಳಗೆ ವೈರಿದೆ. ವೈರು ಸ್ವಿಚ್ಚಿಗೆ ಹೋಗುತ್ತದೆ, ಸ್ವಿಚ್ಚಿನಿಂದ ಮೋಟಾರಿಗೆ. ಪಟ್ಟಿ ಮಾತ್ರ ಕುದುರೆಯ ಕೊರಳಿನಲ್ಲಿದೆ. ಕುದುರೆಯನ್ನು ಬಿಟ್ಟು ಮೋಟಾರು ಹಿಡಿದವರು ಜಗತ್ತಿನ ತುಂಬ ಇದ್ದಾರೆ. ಮೋಟಾರನ್ನೂ ತಂದು, ಕುದುರೆಯನ್ನೂ ಬಿಡದೆ, ಎರಡನ್ನೂ ಒಂದೇ ಗಾಡಿಗೆ ಕಟ್ಟಿದವರು ನನಗೆ ತಿಳಿದಂತೆ ನನ್ನ ಮಾಮು ಒಬ್ಬರೇ!

ಮಾಮು ಎಂದರೆ ನನ್ನ ತಾಯಿಯ ತಮ್ಮ. ಶ್ರೀರಂಗಪಟ್ಟಣಕ್ಕೆ ಬಂದ ಪ್ರವಾಸಿಗರನ್ನು ಕೂರಿಸಿಕೊಂಡು ಕೋಟೆ, ಗುಂಬಜ್, ಸಂಗಮ ಎಂದು ಸುತ್ತಿಸುವ ಜಟಕಾ ಅವರದು. ನಮ್ಮ ಮನೆ, ಅವರ ಮನೆ ಎರಡೂ ಒಂದೇ ಅಂಗಳಕ್ಕೆ ಬಾಗಿಲು ತೆರೆಯುತ್ತವೆ. ಆದ್ದರಿಂದ ಅವರಿಂದ ತಪ್ಪಿಸಿಕೊಳ್ಳುವ ಸೌಲಭ್ಯ ನನಗಿಲ್ಲ. ಕೂತಲ್ಲಿ ಕೂರುವ ಜೀವವಲ್ಲ ಅದು. ಊಟದ ನಡುವೆ ಎದ್ದುಹೋಗಿ ಯಾವುದೋ ಸ್ಕ್ರೂ ಬಿಗಿ ಮಾಡಿ ಬರುತ್ತಾರೆ. ನಿದ್ದೆಯಲ್ಲೂ ಕಾಲು ಆಡಿಸುತ್ತಾರೆಂದು ಅವರ ಹೆಂಡತಿ, ನನ್ನ ಮುಮಾನಿ, ದೂರುತ್ತಾರೆ. ಮನೆಯೊಳಗೆ ನಾವು ಆಡುವುದು ಉರ್ದು. ಆದರೆ ಮೋಟಾರಿನ ಮಾತು ಬಂದ ಕೂಡಲೆ ಮಾಮು ಕನ್ನಡಕ್ಕೆ ಹೊರಳುತ್ತಾರೆ. ಉರ್ದುವಿನಲ್ಲಿ ಅವರಿಗೆ ಯಾಕೋ ಕರೆಂಟು ಹರಿಯುವುದಿಲ್ಲ.

ಇದೆಲ್ಲ ಶುರುವಾದದ್ದು ಒಂದು ಭಾಷಣದಿಂದ. ಬೇಸಿಗೆಯ ಮಧ್ಯಾಹ್ನ, ಬಾಡಿಗೆ ಸಿಗದ ಹೊತ್ತಿನಲ್ಲಿ, ಒಳಗೆ ಫ್ಯಾನು ತಿರುಗುತ್ತಿದೆ ಎಂಬ ಒಂದೇ ಕಾರಣಕ್ಕೆ ಮಾಮು ಸಭಾಂಗಣವೊಂದನ್ನು ಹೊಕ್ಕರಂತೆ. ಬಳಸುವಷ್ಟು ಶಕ್ತಿಯನ್ನು ನಾವೇ ಹುಟ್ಟಿಸಿಕೊಳ್ಳಬೇಕು, ಉರಿಯುವುದನ್ನೆಲ್ಲ ಬಿಟ್ಟು ವಿದ್ಯುತ್ತಿಗೆ ಬರಬೇಕು, ನಾವು ಬಿಡುವ ಹೊಗೆಯ ಲೆಕ್ಕ ಸೊನ್ನೆಯಾಗಬೇಕು ಎಂದು ವೇದಿಕೆಯ ಮೇಲೆ ಯಾರೋ ಹೇಳುತ್ತಿದ್ದರು. ಇಂಥ ಭಾಷಣ ಕೇಳಿದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಚಪ್ಪಾಳೆ ತಟ್ಟಿ, ಕೊಟ್ಟ ಖಾರಾಬೂಂದಿ ತಿಂದು ಮನೆಗೆ ಬರುತ್ತಾರೆ. ಮಾಮು ನಂಬಿಬಿಟ್ಟರು!

ಮೊದಲು ಚಾವಣಿಯ ಮೇಲೆ ಸೌರಫಲಕಗಳು ಬಂದವು. ಬಿಸಿಲು ನೆತ್ತಿಗೇರುವ ತನಕ ಮಿಕ್ಸಿ ತಿರುಗಿಸಬಾರದು, ಮೋಡವಿದ್ದ ದಿನ ಇಸ್ತ್ರಿ ಕೂಡದು ಎಂಬ ಕಾನೂನುಗಳು ಹೊರಟವು. ಆಮೇಲೆ ಹಳೆಯ ಟ್ರಂಕಿಗೆ ಕನ್ನಡಿ ಕೂರಿಸಿ ಬಿಸಿಲಿನ ಒಲೆ ಮಾಡಿದರು. ಒಳ್ಳೆಯ ಒಲೆಯೇ. ಆದರೆ ಅದನ್ನು ಉದ್ಘಾಟಿಸಿದ್ದು ರಂಜಾನ್ ತಿಂಗಳ ಮೊದಲ ದಿನ. ಬಿಸಿಲಿರುವಷ್ಟು ಹೊತ್ತು ನಾವು ತಿನ್ನುವಂತಿಲ್ಲ, ತಿನ್ನುವ ಹೊತ್ತಿಗೆ ಬಿಸಿಲಿರುವುದಿಲ್ಲ! ಮುಮಾನಿ ಟ್ರಂಕನ್ನು ಖಾಲಿ ಮಾಡಿ, ಚಳಿಗಾಲದ ರಜಾಯಿಗಳನ್ನು ತುಂಬಿ ಮುಚ್ಚಿದರು.

ಸೋತ ಮಾಮು ಜಟಕಾದ ಕಡೆ ತಿರುಗಿದರು. ನಾನು ಎಮ್ಮೆಸ್ಸಿಯಲ್ಲಿ ಓದಿದ್ದು ಭೌತಶಾಸ್ತ್ರ. ಮನೆಯಲ್ಲಿ ಓದಿದವಳೊಬ್ಬಳಿದ್ದಾಳೆ ಎಂಬುದನ್ನು ಮಾಮು ಎಂದೂ ಮರೆಯುವುದಿಲ್ಲ. ಬ್ಯಾಟರಿ ಎತ್ತಿಕೊಡಲು ನನ್ನನ್ನೇ ಕರೆಯುತ್ತಾರೆ. ಕುದುರೆ ಗಾಡಿಯಿಂದ ಹೊಗೆಯೇ ಬರುವುದಿಲ್ಲ, ಅದರ ಲೆಕ್ಕ ಆಗಲೇ ಸೊನ್ನೆ, ಅದನ್ನೇನು ಇಳಿಸುತ್ತೀರಿ ಎಂದು ಅವತ್ತು ಕೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು.

"ಹೊಗೆ ಬರಲ್ಲ ಬೇಟಿ, ಒಪ್ಕೊಂಡೆ. ಸೇತುವೆ ದಾಟಿ ಏರು ಹತ್ತುವಾಗ ಅವಳು ಏದುಸಿರು ಬಿಡ್ತಾಳಲ್ಲ, ಅದನ್ನ ನಿಮ್ ಪುಸ್ತಕದಲ್ಲಿ ಯಾವ ಲೆಕ್ಕಕ್ಕೆ ಬರ್ಕೊಂಡವ್ರೆ?"

ಅವಳು ಎಂದರೆ ಶಹಜಾದಿ, ಮಾಮುವಿನ ಬಿಳಿ ಕುದುರೆ. ಅವಳಿಗೆ ವಯಸ್ಸಾಗಿತ್ತು. ಮುಂಗಾಲುಗಳ ಗೆಣ್ಣುಗಳು ಊದಿಕೊಂಡಿದ್ದವು. ಇನ್ನು ಭಾರ ಎಳೆಸಬೇಡಿ ಎಂದು ಪಶುವೈದ್ಯರು ಹೇಳಿದ್ದರು. ಭಾರ ಎಳೆಯದ ಜಟಕಾ ಕುದುರೆಯನ್ನು ಏನು ಮಾಡುವುದು? ಮುಮಾನಿಯ ಹತ್ತಿರ ಉತ್ತರವಿತ್ತು. ಮಳೆಗಾಲಕ್ಕೆ ಮುಂಚೆ ಬಂದು ಕೊಂಡೊಯ್ಯಲು ವ್ಯಾಪಾರಿಯೊಬ್ಬನಿಗೆ ಹೇಳಿಯಾಗಿತ್ತು. ಎಲ್ಲಿಗೆ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮುಮಾನಿ ಕಲ್ಲೆದೆಯವರಲ್ಲ, ಹುರುಳಿ ಬೇಯಿಸಿ ಹಾಕುವವರು ಅವರೇ. ಬೇಯಿಸುವವರಿಗೆ ತಾನೆ ಹುರುಳಿ ಎಷ್ಟು ಬೇಗ ಮುಗಿಯುತ್ತದೆಂದು ಗೊತ್ತು? ಗಾಡಿಯ ಜೊತೆ ನಡೆಯುವುದಾದರೆ ಅವಳು ಇರಲಿ, ಇಲ್ಲವಾದರೆ ಹೋಗಲಿ ಎಂದರು. ಮಾಮುವಿಗೆ ಸಿಕ್ಕ ಸಮಯ ಅಷ್ಟೇ, ಮಳೆ ಬರುವವರೆಗೆ.

ಮಾಮು ಊರೂರು ಸುತ್ತತೊಡಗಿದರು. ಕೆ.ಆರ್. ಪೇಟೆಯ ಗುಜರಿಯಿಂದ ಮುರಿದ ಬ್ಯಾಟರಿ ಸ್ಕೂಟರುಗಳ ಮೋಟಾರು ತಂದರು. ಪಾಲಹಳ್ಳಿಯಿಂದ ಅವರ ಬಾಲ್ಯದ ಗೆಳೆಯ ಬಂದರು. ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವುದು ಅವರ ಕಸುಬು, ಮಾಮುವಿಗೆ ಬೈಯುವುದು ಅವರ ಹವ್ಯಾಸ. ಇಬ್ಬರೂ ಸೇರಿ ಜಟಕಾದ ಗಾಲಿಗಳಿಗೆ ಮೋಟಾರು ಕೂರಿಸಿದರು. ಮುಂದೆ ಕುದುರೆಯಿಲ್ಲದೆ ಗಾಡಿ ಮೂಗು ನೆಲಕ್ಕೆ ಊರುತ್ತಿತ್ತು, ಅದಕ್ಕೆ ಪುಟ್ಟದೊಂದು ಮೂರನೆಯ ಚಕ್ರ ಬಂತು. ಹುರುಳಿಯ ಖರ್ಚನ್ನು ಗಾಡಿಯೇ ದುಡಿಯುತ್ತದೆ ಎಂದು ಶಹಜಾದಿಗೆ ನಿವೃತ್ತಿ ಘೋಷಿಸಿ, ಮಾಮು ಗಾಡಿಯನ್ನು ಒಬ್ಬರೇ ಓಡಿಸಿಕೊಂಡು ಕೋಟೆ ಬಾಗಿಲಿಗೆ ಹೋದರು.

ಯಾರೂ ಹತ್ತಲಿಲ್ಲ. ಬಂದವರೆಲ್ಲ ಮುಂದೆ ಬಗ್ಗಿ ನೋಡಿ ಕುದುರೆ ಎಲ್ಲಿ ಎಂದು ಕೇಳಿದರು. ಮಾಮು ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ, ಹೊಗೆಯ ಲೆಕ್ಕದ ಬಗ್ಗೆ ಹೇಳಿದರು. ಒಬ್ಬ ಪ್ರವಾಸಿ ಪೂರ್ತಿ ಕೇಳಿಸಿಕೊಂಡು, ಸರಿ, ಫೋಟೋಗೆ ಕುದುರೆ ಎಲ್ಲಿ ಎಂದ. ಇತ್ತ ಶಹಜಾದಿಗೂ ನಿವೃತ್ತಿ ಒಗ್ಗಲಿಲ್ಲ. ಗಾಡಿ ಹೊರಟ ಸದ್ದಿಗೆ ಕಿವಿ ನಿಗುರಿಸಿ, ಕೊಟ್ಟಿಗೆಯ ಬಾಗಿಲು ಒದ್ದು, ಅಂಗಳದಲ್ಲಿ ಸುತ್ತು ಹಾಕಿ, ಒಗೆದ ಬಟ್ಟೆಗಳನ್ನು ತಂತಿಯಿಂದ ಎಳೆದು ಹಾಕಿದಳು. ಮೂರನೆಯ ದಿನ ಹಗ್ಗ ಬಿಚ್ಚಿಕೊಂಡು ತಾನೇ ಕುಂಟುತ್ತ ಕೋಟೆ ಬಾಗಿಲಿಗೆ ಹೋಗಿ, ಗಾಡಿಯ ಮುಂದೆ ತನ್ನ ಜಾಗದಲ್ಲಿ ನಿಂತುಬಿಟ್ಟಳು. ಅವತ್ತು ಬಾಡಿಗೆ ಸಿಕ್ಕಿತು.

ಹಾಗಾದರೆ ಕುದುರೆ ಮುಂದಿರಲಿ, ಮೋಟಾರು ಹಿಂದಿನಿಂದ ನೂಕಲಿ ಎಂದುಕೊಂಡರು. ಪರೀಕ್ಷೆಗೆ ಬಾಬುರಾಯನಕೊಪ್ಪಲಿನ ಕಡೆ ಹೊರಟೆವು. ಪಾಲಹಳ್ಳಿಯ ಗೆಳೆಯ, ಮಾಮು, ಓದಿದವಳು ಎಂಬ ಕಾರಣಕ್ಕೆ ನಾನು. ದಾರಿಯಲ್ಲೊಂದು ಪೆಟ್ರೋಲ್ ಬಂಕು. ಅಲ್ಲಿ ಎಷ್ಟೋ ವರ್ಷದಿಂದ ಶಹಜಾದಿಗೆ ಕುಡಿಯಲು ನೀರು ಸಿಗುತ್ತದೆ. ಅವಳು ವಾಡಿಕೆಯಂತೆ ನಿಂತಳು. ಮೋಟಾರಿಗೆ ವಾಡಿಕೆ ಗೊತ್ತಿಲ್ಲವಲ್ಲ, ಅದು ನಿಲ್ಲಲಿಲ್ಲ! ಗಾಡಿ ಮೆಲ್ಲಗೆ ಅವಳ ಹಿಂಭಾಗಕ್ಕೆ ತಾಗಿ ನೂಕತೊಡಗಿತು. ಅವಳು ನಾಲ್ಕೂ ಕಾಲು ಊರಿ, ಕತ್ತು ತಿರುಗಿಸಿ, ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಮಾಮು ವೈರು ಕಿತ್ತು ಮೋಟಾರು ನಿಲ್ಲಿಸಿದರು. ಆಮೇಲೂ ಅವಳು ಕದಲಲಿಲ್ಲ. ಹೊಗೆಯಿಲ್ಲದ ನಮ್ಮ ವಾಹನ ಪೆಟ್ರೋಲಿನ ಸಾಲಿನಲ್ಲಿ ನಿಂತಿತು, ಹಿಂದಿನವರು ಹಾರನ್ ಹೊಡೆದರು.

ಮಾಮುವಿನ ಗೆಳೆಯ ಬೀಡಿ ಹಚ್ಚಲು ತೆಗೆದು, ಬಂಕು ಎಂದು ನೆನಪಾಗಿ, ಮತ್ತೆ ಜೇಬಿಗೆ ಹಾಕಿಕೊಂಡರು. "ಅಲ್ಲ ಕಣ್ಲಾ ಭಾಯ್, ನಿನ್ನ ಯಾರಾದ್ರೂ ಇಂದ್ಗಡೆಯಿಂದ ನೂಕ್ಕೊಂಡು ಓದ್ರೆ ನೀ ಓಯ್ತೀಯೇನ್ಲಾ? ತಿರುಗಿ ಒಡೀತೀಯ. ಅವ್ಳು ನಿನ್ಗಿಂತ ಮರ್ವಾದಸ್ತೆ, ನಿಂತ್ಕಂಡ್ಲು ಅಷ್ಟೇಯ."

"ಮತ್ತೆ ಏನ್ಲಾ ಮಾಡೋದು?"

"ಅವ್ಳು ಎಳ್ಯಂಗೇ ಇರ್ಬೇಕು, ಎಳೀಲೂ ಬಾರ್ದು. ಅಂಗೆ ಮಾಡು."

ಅದು ಬೈಗುಳವೋ ಸೂತ್ರವೋ ನನಗೆ ಗೊತ್ತಾಗಲಿಲ್ಲ. ಮಾಮುವಿಗೆ ಗೊತ್ತಾಯಿತು. ಮರುದಿನವೇ ನಾಗಮಂಗಲಕ್ಕೆ ಹೋಗಿ, ಹಿತ್ತಾಳೆ ಕೆಲಸದವರೊಬ್ಬರ ಮುಂದೆ ಪಟ್ಟುಹಿಡಿದು ಕೂತು, ಒಳಗೆ ಸ್ಪ್ರಿಂಗು ಹಿಡಿಯುವಂಥ ಕೊಂಡಿ ಮಾಡಿಸಿಕೊಂಡು ಬಂದರು. ಸ್ಕೂಟರಿನ ಬ್ರೇಕು ಒತ್ತಿದರೆ ಹಿಂದೆ ದೀಪ ಹತ್ತುತ್ತದಲ್ಲ, ಆ ಸ್ವಿಚ್ಚನ್ನು ಕೊಂಡಿಗೆ ಸೇರಿಸಿದರು. ಶಹಜಾದಿ ಹೆಜ್ಜೆ ಇಟ್ಟರೆ ಪಟ್ಟಿ ಕೊಂಚ ಬಿಗಿಯುತ್ತದೆ, ಮೋಟಾರು ತಿರುಗಿ ಗಾಡಿ ತಾನೇ ಮುಂದೆ ಬರುತ್ತದೆ. ಅವಳು ನಿಂತರೆ ಪಟ್ಟಿ ಸಡಿಲ, ಮೋಟಾರು ಬಂದ್. ಕೊರಳಿಗೆ ತಾನು ಎಳೆಯುತ್ತಿರುವ ಹಿತ, ಕಾಲಿಗೆ ಭಾರವಿಲ್ಲ. ಏರಿನಲ್ಲಿ ನಾನು ಕಿವಿಯಿಟ್ಟು ಕೇಳಿದೆ. ಗೊರಸಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಮಾಮು ಸುಮ್ಮನಿದ್ದಾರೆಯೇ? ಪಾಂಡವಪುರದ ಕಾಲೇಜೊಂದರಲ್ಲಿ ಹೊಸ ಆವಿಷ್ಕಾರಗಳ ಮೇಳ ಎಂದು ಗೊತ್ತಾಗಿ, ಗಾಡಿಯನ್ನು ಅಲ್ಲಿಯವರೆಗೆ ನಡೆಸಿಕೊಂಡೇ ಹೋದೆವು. ವಿದ್ಯುತ್ ವಾಹನಗಳ ವಿಭಾಗದಲ್ಲಿ ಕುದುರೆಯನ್ನು ಕಂಡ ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡರು. ಮೋಟಾರಿದ್ದ ಮೇಲೆ ಈ ಪ್ರಾಣಿಯ ಪಾತ್ರವೇನು ಎಂದರು.

"ಸಾರ್, ಅವಳು ಡ್ರೈವರು," ಎಂದರು ಮಾಮು.

"ಮತ್ತೆ ನೀವು?"

"ನಾನು ಕಂಡಕ್ಟರು ಸಾರ್. ಅವಳು ನಿಲ್ಲಿಸಿದ ಕಡೆ ಇಳಿಸ್ತೀನಿ."

ತೀರ್ಪುಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡು ನಮ್ಮನ್ನು ಪಶುಸಂಗೋಪನೆ ವಿಭಾಗಕ್ಕೆ, ಗಿರಿರಾಜ ಕೋಳಿಗಳ ಪಂಜರದ ಪಕ್ಕಕ್ಕೆ ವರ್ಗ ಮಾಡಿದರು. ಅಲ್ಲಿ ಬಹುಮಾನ ಬಂದದ್ದು ಕೋಳಿಗೆ.

ಮೇಳ ಮುಗಿದ ಎರಡನೆಯ ದಿನ ಸಂಜೆ, ಮೋಡ ಕವಿದಿತ್ತು, ವ್ಯಾಪಾರಿ ಬಂದ. ಶಹಜಾದಿ ಗಾಡಿಯ ಜೊತೆ ನಡೆಯುವುದನ್ನು ತೋರಿಸಿ ಅವನನ್ನು ಬರಿಗೈಲಿ ಕಳಿಸುವುದೆಂದು ಮಾಮು ಅಂಗಳದಲ್ಲಿ ಗಾಡಿ ಸಿದ್ಧ ಮಾಡಿ, ಹಿಂದೆಮುಂದೆ ಓಡಾಡುತ್ತಿದ್ದರು. ಅವಳನ್ನು ಬಿಚ್ಚಿ ತರಲು ಕೊಟ್ಟಿಗೆಗೆ ಹೋದ ಮುಮಾನಿ ಬರಿಗೈಲಿ ಹಿಂತಿರುಗಿದರು. ಮುಖ ಬಿಳಿಚಿಹೋಗಿತ್ತು.

"ಶಹಜಾದಿ ಬಿದ್ದವಳೆ," ಎಂದರು.

ಎಲ್ಲರೂ ಓಡಿದೆವು. ಅವಳು ಹುಲ್ಲಿನ ಮೇಲೆ ಒಂದು ಪಕ್ಕಕ್ಕೆ ಒರಗಿ, ಕತ್ತು ಚಾಚಿ, ನಾಲ್ಕೂ ಕಾಲು ನೀಡಿ ಬಿದ್ದಿದ್ದಳು. ವ್ಯಾಪಾರಿ ಬಾಗಿಲಲ್ಲೇ ನಿಂತು ನೋಡಿದ. ಇದರ ಕಥೆ ಮುಗಿಯಿತು, ಹೇರಿಕೊಂಡು ಹೋಗುವ ಗಾಡಿಯ ಖರ್ಚೂ ದಂಡ ಎಂದು ಹೇಳಿ, ಚಹಾಕ್ಕೂ ನಿಲ್ಲದೆ ಹೋದ. ಅವನನ್ನು ಕರೆಸಿದ್ದ ಮುಮಾನಿಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಸ್ತಿಲ ಮೇಲೆ ಕುಸಿದರು.

ಮಾಮು ಒಳಗೆ ಹೋಗಿ ಮಂಡಿಯೂರಿದರು. ಅವಳ ಮೂಗಿನ ಹತ್ತಿರ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ನಮ್ಮ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

"ಮಲ್ಗವ್ಳೆ," ಎಂದರು, ಪಿಸುದನಿಯಲ್ಲಿ. "ಗಲಾಟೆ ಮಾಡ್ಬೇಡಿ. ಆ ಕಾಲಲ್ಲಿ ಮಲಗಿದ್ರೆ ಎದ್ದೇಳೋಕಾಗಲ್ಲ ಅನ್ನೋ ಭಯ ಅವಳಿಗೆ. ಹೋದ ವರ್ಷದಿಂದ ನಿಂತ್ಕೊಂಡೇ ನಿದ್ದೆ ಮಾಡ್ತಿದ್ಲು. ಭಾರ ತಪ್ಪಿದ್ಮೇಲೆ ಇವತ್ತೇ ಮಲ್ಗಿರೋದು."

ಆಗ ಗಮನಿಸಿದೆ: ಅವಳ ಹೊಟ್ಟೆ ನಿಧಾನಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಮೇಲಿನ ತುಟಿ ಸಡಿಲವಾಗಿ, ಯಾವುದೋ ಕನಸಿಗೆ ಒಮ್ಮೆ ಅದುರಿತು. ಮಾಮು ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಕೂತರು. ಹನಿ ಬೀಳತೊಡಗಿದರೂ ಅಂಗಳದಲ್ಲಿದ್ದ ಬ್ಯಾಟರಿ ಒಳಗಿಡಲು ಏಳಲಿಲ್ಲ. ಮುಮಾನಿ ಮೂಗೊರೆಸಿಕೊಂಡು ಹೋಗಿ, ಬ್ಯಾಟರಿಯ ಮೇಲೆ ತಮ್ಮ ರಜಾಯಿಯೊಂದನ್ನು ಹೊದಿಸಿ, ಅದರ ಮೇಲೆ ಟಾರ್ಪಾಲು ಮುಚ್ಚಿದರು.

ರಾತ್ರಿ ಶಹಜಾದಿ ತಾನೇ ಎದ್ದು ನೀರು ಕುಡಿದು, ಬೆಳಗಿನ ಜಾವ ಮತ್ತೆ ಮಲಗಿದಳಂತೆ. ನನ್ನ ಸ್ಕೂಟರು ಪೆಟ್ರೋಲಿನದು, ಸದ್ದೂ ಜಾಸ್ತಿ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಅದನ್ನು ಅಂಗಳದಲ್ಲಿ ಸ್ಟಾರ್ಟ್ ಮಾಡಲಿಲ್ಲ. ಗಲ್ಲಿ ಮುಗಿಯುವವರೆಗೂ ತಳ್ಳಿಕೊಂಡು ಹೋದೆ.