ಕೊನೆಯ ಸಾಲಿಗೆ ಕೇಳಿಸಬೇಕು

ಹುಡುಗಿಯರಿಗೆ ಮಾತು ಕಲಿಸಲು ಹೊರಟವರಿಗೆ ನಗುವ ಸಂದರ್ಭಗಳು ಕೇಳದೆಯೇ ಬರುತ್ತವೆ. ಜೊತೆಗೆ ನಗಲು ಒಬ್ಬರು ಸಿಗುವುದೇ ಕಷ್ಟ.

ಐವತ್ತರ ದಶಕದಲ್ಲಿ ಮೈಸೂರಿನ ಒಂದು ಹುಡುಗಿಯರ ಹಾಸ್ಟೆಲಿಗೆ ನಾನು ಮೇಟ್ರನ್. ನಾನು ಕಾಲಿಟ್ಟರೆ ಊಟದ ಮನೆಯ ಹರಟೆ ಥಟ್ಟನೆ ನಿಲ್ಲುತ್ತಿತ್ತು. ಅದನ್ನು ಶಿಸ್ತು ಎಂದು ಮೆಚ್ಚಿ, ನನ್ನ ಊಟವನ್ನು ಕೋಣೆಗೇ ತರಿಸಿಕೊಳ್ಳುತ್ತಿದ್ದೆ. ಆದರೆ ದಿನವಿಡೀ "ಹೂಂ ಮೇಡಂ" ಬಿಟ್ಟು ಬೇರೆ ಮಾತೇ ಕಿವಿಗೆ ಬೀಳದಾಗ, ಶನಿವಾರ ಸಂಜೆ ಭಾಷಣದ ತರಗತಿ ಶುರು ಮಾಡಿದೆ. ನಿಯಮಗಳು ನಾನು ಕಾನ್ವೆಂಟಿನಲ್ಲಿ ಕಲಿತವೇ: ಬೆನ್ನು ನೆಟ್ಟಗಿರಬೇಕು, ವಾದಕ್ಕೆ ಮೂರು ಕಾರಣ ಇರಬೇಕು, ಗಂಟೆ ಬಾರಿಸಿದರೆ ಯಾರೇ ಆಗಲಿ ಕೂರಬೇಕು.

ಮೊದಲ ಭಾಷಣ

ಮೊದಲು ಎದ್ದವಳು ಮಂಡ್ಯ ಕಡೆಯ ರೈತರ ಮಗಳು. ಧ್ವನಿ ಕೊನೆಯ ಸಾಲಿಗೆ ಮುಟ್ಟಬೇಕೆಂದು ಹೇಳಿ ನಾನೇ ಅಲ್ಲಿ ಹೋಗಿ ಕೂತೆ. ಆ ಸಾಲಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಹುಡುಗಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು.

"ಏನೂ ಕೇಳಿಸುತ್ತಿಲ್ಲ!" ಎಂದೆ.

"ಇದು ನಿಮಗಲ್ಲ ಮೇಡಂ, ಚಾಮುಂಡವ್ವನಿಗೆ. ಭಾಷಣ ಇನ್ನೂ ಶುರು ಮಾಡಿಲ್ಲ."

ಅಧ್ಯಕ್ಷರು

ಕೆಲವು ತಿಂಗಳ ನಂತರ ಒಂದು ಭಾನುವಾರ ಅವಳ ತಂದೆ ಬಂದರು. ಓದಿದ್ದು ಸಾಕು, ಗಂಡು ಗೊತ್ತಾಗಿದೆ, ಕರೆದುಕೊಂಡು ಹೋಗುತ್ತೇನೆ ಎಂದರು. ಹುಡುಗಿ ಅಳುತ್ತಾಳೆ ಎಂದುಕೊಂಡೆ. ಅವಳು ಬೆನ್ನು ನೆಟ್ಟಗೆ ಮಾಡಿ, "ಮಾನ್ಯ ಅಧ್ಯಕ್ಷರೇ" ಎಂದು ಅಪ್ಪನಿಗೇ ಶುರು ಮಾಡಿ, ಬಿ.ಎ. ಓದಲು ಮೂರು ಕಾರಣ ಕೊಟ್ಟಳು.

ಅವರು ಪೇಟ ಸರಿಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಏನ್ ಕಲಿಸ್ಬುಟ್ರಿ ಅಮ್ಮಾ ಇವ್ಳಿಗೆ! ಅಪ್ಪ ಅಂದಿದ್ರೆ ಬಯ್ಯಬೋದಿತ್ತು. ಅಧ್ಯಕ್ಷ್ರೇ ಅಂದ್ಬುಟ್ಲು. ಇನ್ನು ಎಂಗೆ ಬಯ್ಯದು?" ಎಂದರು.

ಓದು ಉಳಿಯಿತು. ಅಪ್ಪ ಮಗಳು ಬೆಟ್ಟಕ್ಕೆ ಹೊರಟರು. ಅವರು ಕೊಟ್ಟ ಬಾಳೆಹಣ್ಣಿನ ಚಿಪ್ಪು ನನ್ನ ಮೇಜಿನ ಮೇಲಿತ್ತು. ಆ ಭಾನುವಾರ ನನ್ನ ಪಾಲಿಗೆ ಬಂದ ನೆಂಟರು ಅವೇ.

ಚರ್ಚೆ

ವರ್ಷದ ಕೊನೆಯ ಚರ್ಚೆಗೆ ವಿಷಯವನ್ನು ಹುಡುಗಿಯರೇ ಆರಿಸಲಿ ಎಂದೆ. "ಮೇಡಂ ನಮ್ಮ ಜೊತೆಯಲ್ಲೇ ಊಟ ಮಾಡಬೇಕು" ಎಂದು ಆರಿಸಿದರು. ವಿರುದ್ಧವಾಗಿ ಮಾತನಾಡಲು ಯಾರೂ ಒಪ್ಪಲಿಲ್ಲ, ನಾನೇ ಒಪ್ಪಿಕೊಂಡೆ. ಪರವಾಗಿ ಎದ್ದವಳು ಅದೇ ಹುಡುಗಿ.

"ಒಂದು, ಮೇಡಂ ಪಂಕ್ತಿಯಲ್ಲಿ ಕೂತರೆ ಸಾರಿನಲ್ಲಿ ಬೇಳೆ ಕಾಣಿಸುತ್ತೆ. ಎರಡು, ಅಡುಗೆ ಭಟ್ಟರು ತುಪ್ಪ ಮರೆಯಲ್ಲ. ಮೂರು..." ಧ್ವನಿ ತಗ್ಗಿತು.

"ಕೊನೆಯ ಸಾಲಿಗೆ ಕೇಳಿಸಬೇಕು!" ಎಂದು ಗದರಿಸಿದೆ.

"ಮೂರು," ಎಂದು ಅವಳು ಕೂಗಿದಳು, "ಮೇಡಂ ಕೋಣೇಲಿ ಒಬ್ಬರೇ ಊಟ ಮಾಡ್ತಾ ಗೋಡೆ ಜೊತೆ ಮಾತಾಡೋದು ನಮಗೆಲ್ಲ ಕೇಳಿಸುತ್ತೆ!"

ಆಚೆ ಅಗ್ರಹಾರದ ಬೀದಿಯವರೆಗೂ ಕೇಳಿಸಿರಬೇಕು.

ನಾನು ಎದ್ದು, "ಮಾನ್ಯ ಅಧ್ಯಕ್ಷರೇ" ಎನ್ನುವಷ್ಟರಲ್ಲಿ ಹುಡುಗಿಯರು ಗಂಟೆ ಬಾರಿಸಿದರು.

"ನಾನಿನ್ನೂ ಶುರು ಮಾಡಿಲ್ಲ!"

"ಯಾರೇ ಆಗಲಿ ಕೂರಬೇಕು ಮೇಡಂ," ಎಂದಳು ಅವಳು. "ಪಂಕ್ತಿಯಲ್ಲೇ ಕೂತ್ಕೊಳ್ಳಿ, ಎಲೆ ಹಾಕಿದೆ."

ಹೋಗಿ ಕೂತೆ. ನಾನು ಬರುವುದು ಭಟ್ಟರಿಗೆ ಗೊತ್ತಿರಲಿಲ್ಲ, ಸಾರಿನಲ್ಲಿ ಬೇಳೆ ಇರಲಿಲ್ಲ. ಮೊದಲನೆಯ ಕಾರಣ ಒಪ್ಪಿದೆ. ತುಪ್ಪವೂ ಬರಲಿಲ್ಲ, ಎರಡನೆಯದನ್ನೂ ಒಪ್ಪಿದೆ. ಮೂರನೆಯದು ಶುದ್ಧ ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಎಡಬಲದ ಹುಡುಗಿಯರ ಹರಟೆಯಲ್ಲಿ ನನ್ನ ಧ್ವನಿ ಪಕ್ಕದ ಎಲೆಗೂ ಮುಟ್ಟಲಿಲ್ಲ.