ಟೇಪ್ ರೆಕಾರ್ಡರ್ ಬಾರದವರಿಗೆ ಮೈಸೂರು

ಅಡುಗೆ ರುಚಿಯಾಗಿರಬೇಕಾದರೆ ಉಪ್ಪು, ಹುಳಿ, ಖಾರ ಹದವಾಗಿರಬೇಕು ಎಂದು ಹೇಳುವವರೆಲ್ಲ ಗಂಡಸರು. ದಿನಾ ಒಲೆಯ ಮುಂದೆ ನಿಲ್ಲುವ ಹೆಂಗಸನ್ನು ಕೇಳಿ ನೋಡಿ. ಅದನ್ನು ಬೇರೆ ಯಾರಾದರೂ ಮಾಡಿರಬೇಕು, ಅಷ್ಟೇ ಸಾಕು ಎನ್ನುತ್ತಾಳೆ. ನಾನು ಮಿಡಿಗೇಶಿಯ ಶಾಲೆಯಲ್ಲಿ ಮೇಡಂ ಆಗಿದ್ದಾಗ ಕೋಳಿ ಕೂಗುವ ಹೊತ್ತಿಗೆ ಎದ್ದು ರೊಟ್ಟಿ ತಟ್ಟಿ, ಸಾರು ಕುದಿಸಿ, ಮಕ್ಕಳಿಗೆ ಜಡೆ ಹಾಕಿ, ಶಾಲೆಗೆ ಓಡಿ, ಸಂಜೆ ಬಂದು ಮತ್ತೆ ಮುದ್ದೆ ತಿರುವುತ್ತಿದ್ದೆ. ಆ ಹೊತ್ತಿನಲ್ಲಿ ದೇವರ ಹತ್ತಿರ ಚಿನ್ನ, ರೇಷ್ಮೆ ಸೀರೆ ಏನನ್ನೂ ಬೇಡಿದವಳಲ್ಲ ನಾನು. ಯಾರಾದರೂ ಪುಣ್ಯಾತ್ಮರು ನನ್ನ ಮುಂದೆ ತಟ್ಟೆ ಇಟ್ಟು, ‘ಇನ್ನೊಂಚೂರು ಹಾಕಲೇನಮ್ಮಾ?’ ಎಂದು ಕೇಳಲಿ ಎಂದಷ್ಟೇ ಬೇಡಿಕೊಳ್ಳುತ್ತಿದ್ದೆ.

ಇಂಥ ನನ್ನ ತಲೆಯನ್ನು ಇನ್ನಷ್ಟು ಕೆಡಿಸಿದವಳು ಸರೋಜ. ನನ್ನ ಜೊತೆ ಓದಿ ಕೊಳಾಲದ ಕಡೆ ಮೇಡಂ ಆಗಿದ್ದವಳು. ಆಗ ಸರ್ಕಾರ ಶಾಲೆಗಳಿಗೆಲ್ಲ ಪಾಠಕ್ಕೆಂದು ಟೇಪ್ ರೆಕಾರ್ಡರ್ ಹಂಚುತ್ತಿತ್ತು. ಅದನ್ನು ನಡೆಸುವುದು ಹೇಗೆಂದು ಕಲಿಯಲು ಇವಳು ಮೈಸೂರಿಗೆ ಹತ್ತು ದಿನದ ತರಬೇತಿಗೆ ಹೋಗಿ ಬಂದಿದ್ದಳು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ‘ಏನೇನು ಕಲಿಸಿದರೇ?’ ಎಂದು ಕೇಳಿದೆ.

‘ಅದೆಲ್ಲ ಬಿಡೇ. ಅಲ್ಲಿ ಗಂಟೆ ಹೊಡೀತಾರೆ. ಹೋಗಿ ಕೂತ್ಕೊಂಡ್ರೆ ಉಪ್ಪಿಟ್ಟು ತಾನಾಗೇ ಮುಂದಕ್ಕೆ ಬರ್ತದೆ. ತಿಂದು ತಟ್ಟೆ ಅಲ್ಲೇ ಬಿಟ್ಟು ಎದ್ದು ಬರೋದು. ತೊಳಿಯಂಗಿಲ್ಲ ಕಣೇ!’

ಆ ‘ತೊಳಿಯಂಗಿಲ್ಲ’ ಎಂಬ ಮಾತು ಮಿಡಿಗೇಶಿಯವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು. ಒಂದೇ ವಾರದಲ್ಲಿ ನಮ್ಮ ಹೆಡ್‌ಮೇಷ್ಟ್ರು ರಂಗಪ್ಪನವರು ಸುದ್ದಿ ತಂದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸುತ್ತುತ್ತಿರುವ ಇನ್ಸ್‌ಪೆಕ್ಟರು ನಮ್ಮ ಶಾಲೆಗೂ ಬರುತ್ತಾರಂತೆ. ಯಾವ ಮೇಷ್ಟ್ರಿಗೆ ಯಂತ್ರ ನಡೆಸಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಪರೀಕ್ಷೆ ಮಾಡಿ, ತೀರಾ ಬಾರದವರೊಬ್ಬರನ್ನು ಮೈಸೂರಿಗೆ ಕಳಿಸುತ್ತಾರಂತೆ. ಕೇಳಿ ಕುಣಿಯುವುದೊಂದು ಬಾಕಿ. ಆಮೇಲೆ ನೆನಪಾಯಿತು. ಅಯ್ಯೋ ದೇವರೇ, ನನಗೆ ಬರುತ್ತದಲ್ಲಾ!

ಬರದೆ ಏನು? ಶಿರಾದಲ್ಲಿ ನಮ್ಮಪ್ಪನದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಮುಂಜಿ, ಉರುಸು, ನಾಟಕ ಎಲ್ಲದಕ್ಕೂ ನಮ್ಮದೇ ಹಾರ್ನು. ನಾನು ತೊಟ್ಟಿಲಲ್ಲಿ ಲಾಲಿ ಕೇಳಿದ್ದಕ್ಕಿಂತ ‘ಹಲೋ, ಮೈಕ್ ಟೆಸ್ಟಿಂಗ್’ ಕೇಳಿದ್ದೇ ಹೆಚ್ಚು. ಅಪ್ಪನ ಜೊತೆಗಾರ ಬುಡೇನ್ ಸಾಬರು ‘ಆಹಿಸ್ತಾ ಬೇಟಿ, ಆಹಿಸ್ತಾ’ ಎಂದು ಮೆಲ್ಲಗೆ ಕೈ ಹಿಡಿದು ಗ್ರಾಮಫೋನಿಗೆ ಮುಳ್ಳು ಹಾಕಲು ಕಲಿಸಿದ್ದರು. ಕ್ಯಾಸೆಟ್ಟು ಬಂದ ಮೇಲೆ, ಬಾಣಂತನಕ್ಕೆ ಹೋದಾಗಲೂ ಮಗುವನ್ನು ಅಮ್ಮನ ಕೈಗೆ ಕೊಟ್ಟು ಅಂಗಡಿಯಲ್ಲಿ ಕೂತವಳು ನಾನು. ಶಾಲೆಯಲ್ಲಿ ಮಾತ್ರ ಯಾರಿಗೂ ಇದು ಗೊತ್ತಿರಲಿಲ್ಲ. ರಂಗಪ್ಪನವರು ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ‘ಕೆಟ್ಟೋದ್ರೆ ಯಾರಮ್ಮ ಜವಾಬ್ದಾರಿ?’ ಎಂದು ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಹಾಗಾಗಿ ನನ್ನ ವಿದ್ಯೆಯೂ ಟವೆಲಿನೊಳಗೇ ಇತ್ತು.

ಸರಿ, ದಡ್ಡಿಯಾಗುವುದು ಎಂದು ತೀರ್ಮಾನಿಸಿದೆ. ಕನ್ನಡಿಯ ಮುಂದೆ ನಿಂತು ಏನೂ ತಿಳಿಯದವಳ ಮುಖ ಮಾಡಿ ನೋಡಿಕೊಳ್ಳುತ್ತಿದ್ದಾಗ ಅತ್ತೆ ಹಿಂದಿನಿಂದ, ‘ಯಾಕಮ್ಮ, ಹಲ್ನೋವಾ? ಲವಂಗ ಕೊಡ್ಲಾ?’ ಎಂದರು. ವಿಷಯ ಹೇಳಿದೆ. ನಮ್ಮತ್ತೆ ಒಳ್ಳೆಯವರು. ‘ಹೋಗ್ ಬಾ ಕಣಮ್ಮ. ಹತ್ ದಿನ ತಾನೆ, ನಾನು ಹೆಂಗೋ ಬೇಯ್ಸಾಕ್ತೀನಿ. ಚಾಮುಂಡಮ್ಮಂಗೆ ನನ್ನೆಸ್ರಲ್ಲೂ ಒಂದು ಕೈ ಮುಗುದ್ಬುಡು’ ಎಂದು ತಮ್ಮ ಟ್ರಂಕನ್ನೇ ಒರೆಸಿ ಕೊಟ್ಟರು.

ಇನ್ನು ಶಾಲೆಯಲ್ಲಿ ಉಳಿದವರು ಓಬಳೇಶಪ್ಪ ಮೇಷ್ಟ್ರು. ಪಾವಗಡದ ಕಡೆಯವರು, ಮನೆತುಂಬ ಕುರಿ. ಅವರ ಕಷ್ಟ ನನ್ನದಕ್ಕೆ ಸರಿಯಾಗಿ ತಿರುಗುಮುರುಗು. ‘ಮೇಡಂ, ಕುರಿ ಮರಿ ಹಾಕೋ ಟೇಮು. ಈಗ ಮೈಸೂರು ಅಂದ್ರೆ ನಾನ್ ಸತ್ತೆ. ನಂಗೆಲ್ಲಾ ಬತ್ತದೆ ಅಂತ ಹೇಳ್ಬುಡ್ತೀನಿ, ನೀವು ಏನೂ ಬರಕಿಲ್ಲ ಅಂದ್ಬುಡಿ. ಇಬ್ರ ಕೆಲ್ಸಾನೂ ಆಯ್ತದೆ’ ಎಂದರು. ನಿಜ ಹೇಳಬೇಕೆಂದರೆ ಆ ಮನುಷ್ಯನಿಗೆ ಟಾರ್ಚಿಗೆ ಶೆಲ್ಲು ಹಾಕಲೂ ಬರುತ್ತಿರಲಿಲ್ಲ. ಆದರೆ ನನಗೇಕೆ ಅದು? ಒಪ್ಪಂದ ಆಯಿತು.

ಇನ್ಸ್‌ಪೆಕ್ಟರು ಬಂದರು. ಬೀರುವಿನಿಂದ ಶೆಲ್ಲಿನ ಟೇಪ್ ರೆಕಾರ್ಡರು ಹೊರಬಂತು. ಪೆಟ್ಟಿಗೆ ಹಾಡುತ್ತದಂತೆ ಎಂದು ಮಕ್ಕಳು ಕಿಟಕಿಯ ಸರಳಿಗೆ ಜೋತುಬಿದ್ದರು. ಮೊದಲು ನನ್ನನ್ನೇ ಕೇಳಿದರು.

‘ಇದನ್ನ ಯಾವತ್ತಾದ್ರೂ ಮುಟ್ಟಿದ್ದೀರೇನಮ್ಮಾ?’

‘ಅಯ್ಯೋ ಇಲ್ಲ ಸಾರ್. ನೋಡಿದ್ರೇ ಕೈ ನಡುಗುತ್ತೆ. ಇದು ರೇಡಿಯೋನಾ ಸಾರ್?’

ಅವರು ಲೊಚಗುಟ್ಟಿ ನನ್ನ ಹೆಸರು ಬರೆದುಕೊಂಡರು. ನನ್ನ ಕಿವಿಯಲ್ಲಿ ಮೈಸೂರಿನ ಗಂಟೆ ಹೊಡೆಯತೊಡಗಿತು.

‘ನಿಮಗೆ, ಮೇಷ್ಟ್ರೇ?’

‘ಅದೇಮಿ ಬ್ರಹ್ಮವಿದ್ಯೆ ಬುಡಿ ಸಾರ್!’ ಎಂದ ಓಬಳೇಶಪ್ಪನವರು ಕ್ಯಾಸೆಟ್ಟನ್ನು ತಲೆಕೆಳಗು ಮಾಡಿ ತುರುಕಿ, ಮುಚ್ಚಳ ಕೂರದಿದ್ದಾಗ ಅಂಗೈಯಿಂದ ಒಂದು ಗುದ್ದಿ, ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿದರು. ಒಳಗಿದ್ದದ್ದು ಮಕ್ಕಳ ಮಗ್ಗಿ ಹಾಡು. ಅದು ‘ಎರಡೊಂದ್ಲ’ ಎಂದು ಕೋಣನ ಹಾಗೆ ನರಳಿ ನಿಂತುಹೋಯಿತು. ಮುಚ್ಚಳ ತೆಗೆದರೆ ಟೇಪು ಶಾವಿಗೆಯ ಹಾಗೆ ಹೊರಗೆ ಬಂತು. ಮಕ್ಕಳು ‘ಅಯ್ಯೋ’ ಎಂದರು. ರಂಗಪ್ಪನವರು ಗೋಡೆ ಹಿಡಿದುಕೊಂಡರು. ಇನ್ಸ್‌ಪೆಕ್ಟರು, ‘ಇರಿ ಇರಿ, ಎಳೆದ್ರೆ ಬರುತ್ತೆ’ ಎಂದು ತಾವೇ ಎಳೆಯತೊಡಗಿದರು.

ನಾನು ಹಲ್ಲು ಕಚ್ಚಿಕೊಂಡೆ. ಉಪ್ಪಿಟ್ಟು ನೆನೆದೆ, ತೊಳೆಯದ ತಟ್ಟೆ ನೆನೆದೆ, ಚಾಮುಂಡಿಯನ್ನೂ ನೆನೆದೆ. ಅವರು ಇನ್ನೊಂದು ಸಲ ಜಗ್ಗಿದರು ನೋಡಿ, ನನ್ನ ಕೈಲಿ ತಡೆಯಲಾಗಲಿಲ್ಲ.

‘ಎಳೀಬೇಡಿ ಸಾರ್, ಹರಿದೋಗುತ್ತೆ! ಬಿಡಿ ಇಲ್ಲಿ!’

ಮುಂದಿನದನ್ನು ಮಾಡಿದ್ದು ನನ್ನ ಕೈ, ನಾನಲ್ಲ. ಉರುಳೆಗೆ ಸುತ್ತಿದ್ದ ಟೇಪನ್ನು ಉಗುರಿನಿಂದ ಬಿಡಿಸಿ, ಪೆನ್ಸಿಲ್ ತೂರಿಸಿ ಬಿಗಿಯಾಗಿ ಸುತ್ತಿ, ಸರಿಯಾಗಿ ಕೂರಿಸಿ ಒತ್ತಿದೆ. ಮಗ್ಗಿ ಗಣಗಣ ಹಾಡತೊಡಗಿತು. ಕಿಟಕಿಯಲ್ಲಿ ಮಕ್ಕಳೂ ಹಾಡಿದರು. ಆ ಹಿಗ್ಗಿನಲ್ಲಿ ನಾನು ಇನ್ಸ್‌ಪೆಕ್ಟರಿಗೇ, ‘ಇನ್ಮೇಲೆ ಹಂಗೆಲ್ಲ ಜಗ್ಗಬಾರದು, ತಿಳೀತಾ?’ ಎಂದುಬಿಟ್ಟೆ.

ಅವರು ಕನ್ನಡಕದ ಮೇಲಿನಿಂದ ನೋಡಿ, ‘ಕೈ ನಡುಗುತ್ತೆ ಅಂದ್ರಲ್ಲಮ್ಮಾ?’ ಎಂದರು.

‘ಈಗ ನಿಂತಿದೆ ಸಾರ್’ ಎಂದೆ. ಇನ್ನೇನು ಹೇಳಲಿ?

ನನ್ನ ಹೆಸರು ಹೊಡೆದು ಓಬಳೇಶಪ್ಪನವರ ಹೆಸರು ಬರೆದರು. ‘ಸಾರ್, ನಮ್ ಕುರಿ...’ ಎಂದು ಅವರು ಅಂಗಲಾಚಿದ್ದು ಯಾರ ಕಿವಿಗೂ ಬೀಳಲಿಲ್ಲ. ಅತ್ತೆ ಟ್ರಂಕನ್ನು ಅಟ್ಟಕ್ಕೇರಿಸುತ್ತ, ‘ಕೈಗ್ ಬಂದ ತುತ್ತು ಬಾಯಿಗ್ ಬರ್ನಿಲ್ಲ ನೋಡು. ಬಾಯಿ ಮುಚ್ಕಂಡಿದ್ರೆ ಏನಾಗ್ತಿತ್ತು ನಿಂಗೆ?’ ಎಂದು ಬೈದರು. ಓಬಳೇಶಪ್ಪನವರ ಹೆಂಡತಿ ಕುರಿಮರಿಗಳನ್ನೆಲ್ಲ ಚೆನ್ನಾಗಿಯೇ ನೋಡಿಕೊಂಡರು. ಹತ್ತು ದಿನ ಮೇಷ್ಟ್ರ ತರಗತಿಯನ್ನೂ ನಾನೇ ಮೇಯಿಸಿದೆ. ಆ ಮಹಾರಾಯರು ಗಲ್ಲ ತುಂಬಿಕೊಂಡು ವಾಪಸು ಬಂದು, ‘ಮೇಡಂ, ಅಲ್ಲಿ ತಟ್ಟೆ ಕೂಡ ತೊಳಿಯಂಗಿಲ್ಲ!’ ಎಂದು ನನಗೇ ಹೇಳಿದರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆದರೆ ದೇವರು ದೊಡ್ಡವನು. ಒಂದೆರಡು ವರ್ಷ ಕಳೆದು ಶಾಲೆಗೆ ಕರೆಂಟು ಬಂತು, ಹಿಂದೆಯೇ ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರು ಬಂತು, ಅದರ ಹಿಂದೆ ಅದೇ ಇನ್ಸ್‌ಪೆಕ್ಟರು. ಮತ್ತೆ ಮೈಸೂರು, ಮತ್ತೆ ಒಬ್ಬರು. ಈ ಸಲ ನಟನೆಯ ಅಗತ್ಯವೇ ಇರಲಿಲ್ಲ. ನನ್ನಾಣೆಗೂ ಆ ಯಂತ್ರದ ಹಿಂದು ಯಾವುದು, ಮುಂದು ಯಾವುದು ನನಗೆ ತಿಳಿದಿರಲಿಲ್ಲ.

‘ಇದು ಗೊತ್ತಿಲ್ಲ ತಾನೇ ಅಮ್ಮಾ?’ ಎಂದು ಇನ್ಸ್‌ಪೆಕ್ಟರು ನಕ್ಕು ಕೇಳಿದರು. ಗೊತ್ತಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನಗೆ ಒಳ್ಳೆಯದಾಗಲಿ ಎಂದೇ ಓಬಳೇಶಪ್ಪನವರು ಹಿಂದಿನಿಂದ ಬಾಯಿ ಹಾಕಿದರು.

‘ಈ ಕಿತ ಮೇಡಂನೇ ಕಳ್ಸಿ ಸಾರ್. ಪಾಪ, ಹೆಂಗಸ್ರು, ಇಂಥವೆಲ್ಲ ಅವ್ರಿಗೆ ಎಲ್ಲಿ ಬತ್ತದೆ?’

‘ಯಾರಿಗ್ರೀ ಬರಲ್ಲ?’ ಎಂದು ತಿರುಗಿ ನಿಂತೆ. ‘ಹತ್ತು ವರ್ಷದಿಂದ ಬರುತ್ತೆ ನನಗೆ!’

ಓಬಳೇಶಪ್ಪನವರು ಎರಡನೆಯ ಸಲ ಮೈಸೂರಿಗೆ ಹೊರಟ ದಿನ ಬಸ್ಸು ಬಹಳ ರಶ್ಶಿತ್ತು. ಕಿಟಕಿಯಿಂದ ಅವರ ಚೀಲವನ್ನು ಒಳಕ್ಕೆ ತೂರಿಸಿ ಕೊಟ್ಟವಳು ನಾನೇ.