ಬಾಗಿಲಿಗೆ ಕಟ್ಟಿದ ಗಂಟೆಗಳು

ಬಾಗಿಲಿಗೆ ಗಂಟೆ ಕಟ್ಟುವವನಿಗೆ ಎರಡೂ ಕಡೆಯಿಂದ ಬೈಗುಳ. ಕಳ್ಳ ಬಂದಾಗ ಗಂಟೆ ಬಡಿಯದಿದ್ದರೆ ಒಂದು, ಕಳ್ಳ ಬಾರದೆಯೂ ಅದು ಬಡಿದರೆ ಇನ್ನೊಂದು.

ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ಬಂದು ಪೊಲೀಸ್ ಆಕ್ಷನ್ ಆದ ಹೊಸತು. ಬೀದರಿನಲ್ಲಿ ಯಾರ ಮನೆಯಲ್ಲೂ ಧೈರ್ಯ ಉಳಿದಿರಲಿಲ್ಲ. ಅದುವರೆಗೆ ಜನ ಕದದ ಹಿಂದೆ ತಾಮ್ರದ ಕೊಡ ಪೇರಿಸಿ ಮಲಗುತ್ತಿದ್ದರು. ಕದ ತಳ್ಳಿದರೆ ಕೊಡ ಉರುಳಬೇಕು, ಮನೆ ಏಳಬೇಕು. ಈಗ ನನ್ನ ಬೀಗದ ಅಂಗಡಿಗೆ ಬಂದವರೆಲ್ಲ, "ಕದಾ ತೆಗದ್ರ ಸಪ್ಪಳ ಆಗೋ ಹಾಂಗ ಏನರ ಮಾಡ್ರಿ" ಅನ್ನತೊಡಗಿದರು.

ಸಾಲಿ ಪಕ್ಕದ ಮನೆ

ಹಕೀಮರ ಮನೆ ಸಾಲಿಗೆ ಅಂಟಿಕೊಂಡಿತ್ತು. ಅವರ ಕದಕ್ಕೆ ದೊಡ್ಡ ಹಿತ್ತಾಳೆ ಗಂಟೆ ಕಟ್ಟಿಕೊಟ್ಟೆ. ರೋಗಿ ಒಳಗೆ ಬಂದಾಗಲೆಲ್ಲ ಢಣ್ ಅನ್ನುವುದು, ಹುಡುಗರು ಸಾಲಿ ಬಿಟ್ಟಿತೆಂದು ಓಡುವುದು. ಅತ್ತ ಸಾಲಿಯ ಗಂಟೆ ಬಾರಿಸಿದರೆ ಹಕೀಮರ ಬೇಗಂ, "ಚೋರ್! ಚೋರ್!" ಅಂತ ಕೂಗುವುದು.

ಮಾಸ್ತರರು ಏದುಸಿರು ಬಿಡುತ್ತ ಅಂಗಡಿಗೆ ಬಂದರು. "ಆ ಗಂಟಿ ಬಿಚ್ರಿ ಮೊದಲ!"

"ಹುಡುಗರಿಗಿ ತಿಳಿಸಿ ಹೇಳ್ರಿ, ಮಾಸ್ತರ್ ಸಾಬ್."

"ಹುಡುಗರದು ಹಾಳಾಗ್ಲಿ. ನಾನೇ ಇವತ್ತ ಎರಡು ಸಲ ಮನಿಗಿ ಹೋಗಿ ಉಂಡು ಬಂದೀನಿ!"

ಚಿಂತಾಕಿಯ ಕುರಿಗಾರ

ಔರಾದ ಕಡೆಯ ಚಿಂತಾಕಿಯಿಂದ ಒಬ್ಬ ಕುರಿಗಾರ ಬಂದ. ಹೊಸ ಗಂಟೆ ಯಾಕೆ ಕೊಳ್ಳಬೇಕೆಂದು, ಹಿಂಡಿನ ಮುಂದೆ ನಡೆಯುವ ಟಗರಿನ ಗಂಟೆಯನ್ನೇ ಬಿಚ್ಚಿ ಕದಕ್ಕೆ ಕಟ್ಟಿದ್ದನಂತೆ.

"ಬ್ಯಾರೆ ಗಂಟಿ ಕೊಡ್ರಿ."

"ಯಾಕ, ಅದು ಬಡಿಯಂಗಿಲ್ಲೇನು?"

"ಬಡೀತದರಿ. ಕದಾ ತೆಗದ್ರ ಸಾಕು, ಟಗರು ಕರೀತದಂತ ತಿಳಿದು ಕುರಿ ಎಲ್ಲಾ ಒಳಗ ಬರ್ತಾವ. ಹೆಣ್ತಿ ಒಲಿ ತೊಗೊಂಡು ಅಂಗಳಕ್ಕ ಹೋಗ್ಯಾಳ."

"ಕಳ್ಳರು?"

"ಬಂದ್ರ ಅವರಿಗಿ ನಿಂದ್ರಲಾಕ ಜಾಗಾ ಎಲ್ಲದರಿ?"

ಭಾಲ್ಕಿಯ ಬ್ಯಾಟರಿ ಗಂಟೆ

ಕೆಲವು ವರ್ಷಗಳ ಮೇಲೆ ಹೈದರಾಬಾದಿನಿಂದ ಬ್ಯಾಟರಿ ಗಂಟೆ ಬಂತು. ಹೊಸ್ತಿಲ ಮುಂದಿನ ಗೋಣಿತಟ್ಟಿನ ಕೆಳಗೆ ತಗಡು. ತುಳಿದರೆ ಒಳಗೆ ಟರ್ರ್. ಭಾಲ್ಕಿಯ ವಕೀಲರೊಬ್ಬರ ಮನೆಗೆ ಹಾಕಿಕೊಟ್ಟೆ. ಹೇಗಿದೆ ನೋಡೋಣವೆಂದು ಮತ್ತೊಮ್ಮೆ ಹೋಗಿ ತಟ್ಟು ತುಳಿದೆ. ಸಪ್ಪಳವಿಲ್ಲ. ಒಳಗೆ ಇಣುಕಿದರೆ ಗೋಡೆಗೆ ಬರೀ ಮೊಳೆ.

"ಅವ್ವಾರ, ಗಂಟಿ ಎಲ್ಲದರಿ?" ಅಂತ ವಕೀಲರ ತಾಯಿಯನ್ನು ಕೇಳಿದೆ.

"ನೀನೇ ಮಂದಿ ಕಳಿಸಿ ಒಯ್ಸಿದಿ, ಮತ್ತ ನನಗೇ ಕೇಳ್ತಿ?"

ನನಗೆ ತಲೆಬುಡ ತಿಳಿಯಲಿಲ್ಲ. ಮುದುಕಿ ಬಿಡಿಸಿ ಹೇಳಿದಳು. "ನಿನ್ನಿ ಒಬ್ಬಾಂವ ಬಂದ. ಗಂಟಿ ಬಡೀತು. ಬೀಗರು ಬಂದಾರಂತ ಛಾ ಮಾಡಿ ಕೊಟ್ಟೆ. ಗಂಟಿ ಯಾರು ಹಾಕ್ಯಾರ ಅಂದ. ಬೀದರ ಕೀಲಿ ಅಂಗಡಿಯವ ಅಂದೆ. ಹಾಂ, ಅವರೇ ಕಳಿಸ್ಯಾರ, ದುರಸ್ತಿ ಮಾಡಬೇಕು ಅಂತ ಬಿಚ್ಚಿಕೊಂಡು ಹೋದ."

ವಕೀಲರು ಹೊರಗೆ ಓಡಿ ಬಂದರು. "ಅವ್ವಾ, ಅವ ಕಳ್ಳ ಇದ್ದ!"

"ಕಳ್ಳ ಹ್ಯಾಂಗ ಆಗ್ತಾನೋ? ಚಪ್ಪಲಿ ಹೊರಗ ಬಿಟ್ಟು ಬಂದಿದ್ದ."

"ಹೋಗ್ಲಿ, ಬ್ಯಾರೆ ಏನೂ ಒಯ್ದಿಲ್ಲಲ್ಲ?"

"ಏನೂ ಇಲ್ಲಪ್ಪ. ತಿಜೋರಿ ಕೀಲಿನೂ ಬಿಗಿ ಆಗ್ಯದ, ನೋಡು ಅಂದೆ. ಇವತ್ತ ಬಂಡಿ ತೊಗೊಂಡು ಬರ್ತೇನಿ ಅಂದಾನ. ಅದಕ್ಕೇ ಹಾಲು ಹೆಚ್ಚಿಗಿ ಹಾಕ್ಸೀನಿ."